ಮನೆ ನಂಬರ್ ಮೂವತ್ತೆರಡು ಎ

ಜೂನ್ 4

ಪ್ರೀತಿಯ ಮಾವ,

ನಿನ್ನೆ ಫೋನಿನಲ್ಲಿ ನಾನು ಹೇಳಿದ ಒಂದು ಮಾತೂ ನಿಮ್ಮ ಕಿವಿಗೆ ಬೀಳಲಿಲ್ಲವೆಂದು ಬಲ್ಲೆ. ಆದರೆ ನೀವು ಹತ್ತು ನಿಮಿಷ "ಹಲೋ, ಯಾರದು, ಬಾಯಿಬಿಟ್ಟು ಮಾತಾಡು" ಎಂದು ಗುಡುಗಿದ್ದು ನಮ್ಮ ಕಚೇರಿಯ ಕೊನೆಯ ಮೇಜಿನವರೆಗೂ ಕೇಳಿಸಿತು. ಟೈಪಿಸ್ಟ್ ಎದ್ದು ನಿಂತುಬಿಟ್ಟರು. ಅದಕ್ಕೇ ಈ ಕಾಗದ. ಮೂವತ್ತೊಂದು ವರ್ಷ ಊರಿನವರ ಕಾಗದ ಹಂಚಿದ ಪೋಸ್ಟ್‌ಮ್ಯಾನಿಗೆ ಈಗ ತನ್ನ ಹೆಸರಿನದೂ ಒಂದು ಬರಲಿ.

ಸುದ್ದಿ ಇಷ್ಟು. ನಗರ ಯೋಜನೆಯ ಕಚೇರಿಗೆ ಸೇರಿ ಎರಡು ವರ್ಷವಾದ ಮೇಲೆ ನನಗೆ ಮೊದಲ ಸ್ವಂತ ಕೆಲಸ ಸಿಕ್ಕಿದೆ. ಹಳೆಯದೊಂದು ಬಡಾವಣೆಗೆ ಹೊಸ ನಕ್ಷೆ ಬರೆಯಬೇಕು. ಫೈಲ್ ಬಿಚ್ಚಿದರೆ ನಿಮ್ಮದೇ ಬಡಾವಣೆ. ನಾನು ಪ್ರತಿ ಬೇಸಿಗೆ ರಜೆಯಲ್ಲೂ ಮಂಡಿ ತರಚಿಕೊಂಡ ಬೀದಿಗಳು.

ನಮ್ಮ ಕಸುಬಿನ ಮೊದಲ ಪಾಠ ಹೇಳಿಕೊಡಲೇ? ಶಾಲೆಯನ್ನು ನಡುವೆ ಇಟ್ಟು ಕೈವಾರದಿಂದ ನಾನೂರು ಮೀಟರಿನ ವೃತ್ತ ಎಳೆಯುತ್ತೇವೆ. ಅದರೊಳಗಿನ ಮಗು ಐದು ನಿಮಿಷದಲ್ಲಿ ನಡೆದು ಶಾಲೆ ಸೇರಬೇಕು. ಎರಡನೆಯ ಪಾಠ, ಬೀದಿಗೆ ಕಣ್ಣಿರಬೇಕು. ಅಂದರೆ ಕಿಟಕಿ, ಅಂಗಡಿ, ಮೆಟ್ಟಿಲ ಮೇಲೆ ಕೂತ ಜನ. ಬರೀ ಗೋಡೆಗಳಿರುವ ಬೀದಿಯಲ್ಲಿ ಯಾರಿಗೂ ಧೈರ್ಯ ಇರುವುದಿಲ್ಲ. ಇಲ್ಲಿಂದ ನಿಮ್ಮೂರು ನಾಲ್ಕು ಗಂಟೆಯ ದಾರಿ, ಕಚೇರಿ ನನ್ನನ್ನು ಬಿಡುತ್ತಿಲ್ಲ. ಹಾಗಾಗಿ ನೀವೇ ನನ್ನ ಕಾಲಾಗಬೇಕು. ನಡೆದು ನೋಡಿ ಬರೆಯಿರಿ.

ಒಂದು ಗುಟ್ಟು. ಶಾಲೆಯ ಗೋಡೆಗೆ ಅಂಟಿಕೊಂಡು ವಾರಸುದಾರರಿಲ್ಲದ ಮನೆಯ ಜಾಗವೊಂದು ದಾಖಲೆಯಲ್ಲಿ ಸಿಕ್ಕಿದೆ. ಅಲ್ಲಿ ಎರಡು ಅಂತಸ್ತಿನ ಓದುವ ಕೋಣೆ ಬರೆದಿದ್ದೇನೆ. ಕಿಟಕಿ ಪಕ್ಕ ಒಂದು ಕುರ್ಚಿ ನಿಮ್ಮದು.

ಅತ್ತೆಗೆ ನಮಸ್ಕಾರ.

ನಿಮ್ಮ
ಗುಂಡುಸೂಜಿ

* * *

ಜೂನ್ 13

ಚಿರಂಜೀವಿ ಗುಂಡುಸೂಜಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಹೊಸ ಪೋಸ್ಟ್‌ಮ್ಯಾನ್ ಹುಡುಗಿ ಅದನ್ನು ಕೈಗೆ ಕೊಡದೆ ಬಾಗಿಲ ಸಂದಿಯಲ್ಲಿ ತುರುಕಿ ಹೋದಳು. ಹೋಗಲಿ, ಅವಳ ಕಾಲ ಅವಳದು.

ನಿನ್ನ ಕೈವಾರ ನೆನೆದು ನಗು ಬಂತು ಮಗಳೇ. ಕೈವಾರಕ್ಕೆ ಎರಡು ಕಾಲು. ಒಂದು ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಗೋಡೆ, ಚರಂಡಿ, ಗೋದಾಮು ಯಾವುದನ್ನೂ ಲೆಕ್ಕಿಸದೆ ಗಾಳಿಯಲ್ಲಿ ತಿರುಗುತ್ತದೆ. ಮನುಷ್ಯನ ಕಾಲಿಗೆ ಆ ಭಾಗ್ಯವಿಲ್ಲ. ಆದರೂ ನೀನು ಕೇಳಿದೆಯೆಂದು, ಸಕಲ ಬೀದಿಗಳ ಅಧಿಪತಿಯಾದ ನಾನು, ಊರುಗೋಲು ಹಿಡಿದು, ಹಳೆಯ ಖಾಕಿ ಟೋಪಿ ಧರಿಸಿ ಮೂರು ದಿನ ದಿಗ್ವಿಜಯ ಮಾಡಿ ಬಂದೆ. ಕೇಳುವಂಥವಳಾಗು.

ಲಾರಿ ರಸ್ತೆಯ ಕಾಲುದಾರಿ ಎಷ್ಟು ಇಕ್ಕಟ್ಟೆಂದರೆ, ಜಗಳವಾಡದ ಗಂಡ ಹೆಂಡತಿ ಕೂಡ ಅಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಅದರ ನಟ್ಟನಡುವೆ ವಿದ್ಯುತ್ ಕಂಬವೊಂದು ಮಹಾರಾಜನಂತೆ ನಿಂತಿದೆ. ಪ್ರಜೆಗಳೆಲ್ಲ ರಸ್ತೆಗಿಳಿದು ಅದಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ಮೂಲೆಯ ಬೀಗದ ಅಂಗಡಿಯವನು ಹೊರಗೆ ಒಂದು ಕುರ್ಚಿ ಹಾಕಿದ್ದಾನೆ. ಅದರಲ್ಲಿ ಊರಿನವರೆಲ್ಲ ಕೂರುತ್ತಾರೆ, ಅವನೊಬ್ಬನನ್ನು ಬಿಟ್ಟು. ನಾಲ್ಕು ಗಂಟೆಗೆ ಅಲ್ಲಿ ನೆರಳು ಬೀಳುತ್ತದೆ, ನಾಲ್ಕೂ ಐದಕ್ಕೆ ಕುರ್ಚಿ ಖಾಲಿ ಇರುವುದಿಲ್ಲ. ನಿನಗೆ ಬೆಂಚು ಹಾಕಲು ಜಾಗ ಬೇಕಿದ್ದರೆ ಸೂರ್ಯನನ್ನು ಕೇಳು, ನಕ್ಷೆಯನ್ನಲ್ಲ.

ಬೀದಿಗೆ ಕಣ್ಣು ಎಂದೆಯಲ್ಲ, ನಮ್ಮ ಬೀದಿಗೆ ಇರುವುದು ನಿನ್ನ ಅತ್ತೆ. ಹೊಲಿಗೆ ಯಂತ್ರವನ್ನು ಕಿಟಕಿಗೆ ಹಾಕಿಕೊಂಡು ಕೂತಿದ್ದಾಳೆ. ಸೂಜಿ ಬಟ್ಟೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರೆಂದು ಇಲಾಖೆಗೂ ಗೊತ್ತಿರದ ವಿಷಯ ಅವಳಿಗೆ ಗೊತ್ತು. ಇದನ್ನು ಓದಿ ಹೇಳಿದ್ದಕ್ಕೆ, "ಕೆಲಸ ಇಲ್ದೋರು ಬರೀತಾರೆ, ಇರೋರು ನೋಡ್ತಾರೆ" ಅಂದಳಂತೆ. ನನಗೆ ಕೇಳಿಸಲಿಲ್ಲ, ಚೀಟಿಯಲ್ಲಿ ಬರೆದು ತೋರಿಸಿದಳು.

ಒಂದೇ ಒಂದು ಅರ್ಥವಾಗಲಿಲ್ಲ. ಶಾಲೆಯ ಗೋಡೆಯ ಪಕ್ಕ ಮನೆಯ ಜಾಗ ನಾನು ಕಂಡಿಲ್ಲ. ನಂಬರ್ ಎಷ್ಟು ಬರೆ.

ಇಂತಿ ನಿನ್ನ
ಮಾವ

* * *

ಜೂನ್ 20

ಪ್ರೀತಿಯ ಮಾವ,

ನಿಮ್ಮ ದಿಗ್ವಿಜಯದ ಕಾಗದವನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಕಂಬದ ಮಹಾರಾಜ ಈಗ ನಮ್ಮ ಕಚೇರಿಯಲ್ಲಿ ಪ್ರಸಿದ್ಧ. ಅವನನ್ನು ಸ್ಥಳಾಂತರಿಸಲು ಟಿಪ್ಪಣಿ ಹಾಕಿದ್ದೇನೆ. ಬೆಂಚು ಬೀಗದ ಅಂಗಡಿಯ ಮೂಲೆಗೇ.

ಆ ಜಾಗದ ನಂಬರ್ ಮೂವತ್ತೆರಡು ಎ. ಮೂವತ್ತೆರಡನೆಯ ನಂಬರಿನ ಶಾಲೆಗೂ ಮೂವತ್ತಮೂರನೆಯ ಗೋದಾಮಿಗೂ ನಡುವೆ. ನಕ್ಷೆಯಲ್ಲಿನ ತೆರಪು ಅಳೆದರೆ ಅಗಲ ಒಂಬತ್ತು ಅಡಿ, ಉದ್ದ ಅರವತ್ತು. ಮನೆಯೆಂದರೆ ವಿಚಿತ್ರ ಆಕಾರ, ರೈಲು ಡಬ್ಬಿಯ ಹಾಗೆ. ಆದರೆ ಹಿಂದೆಲ್ಲ ಜನ ಹೀಗೂ ಬದುಕುತ್ತಿದ್ದರೇನೋ. ಯಾರೋ ಒಬ್ಬ ಹೆಂಗಸಿನ ಹೆಸರಿದೆ, ಈಗ ಯಾರೂ ಇಲ್ಲ. ಯಾರ ಮನೆಯನ್ನೂ ಕೆಡವದೆ ಓದುವ ಕೋಣೆ ಕಟ್ಟಬಹುದೆಂದು ಚೀಫ್ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಎರಡು ವರ್ಷದಲ್ಲಿ ಮೊದಲ ಸಲ.

ಆಗಸ್ಟ್ ಇಪ್ಪತ್ತಕ್ಕೆ ನಿಮ್ಮ ಶಾಲೆಯ ಸಭಾಂಗಣದಲ್ಲೇ ಸಾರ್ವಜನಿಕ ಸಭೆ. ನಕ್ಷೆಯನ್ನು ಗೋಡೆಗೆ ಹಾಕುತ್ತೇವೆ, ಜನ ತಮ್ಮ ಆಕ್ಷೇಪ ಹೇಳಬಹುದು. ನಾನೇ ನಿಂತು ವಿವರಿಸಬೇಕು. ನೀವಿಬ್ಬರೂ ಮುಂದಿನ ಸಾಲಿನಲ್ಲಿ ಕೂತಿರಬೇಕು.

ನಕ್ಷೆಯ ಪ್ರತಿ ಇದರೊಂದಿಗಿದೆ. ಓದುವ ಕೋಣೆಗೆ ಹಳದಿ ಬಣ್ಣ ಹಚ್ಚಿದ್ದೇನೆ.

ನಿಮ್ಮ
ಗುಂಡುಸೂಜಿ

* * *

ಜುಲೈ 15

ನಮ್ಮ ಹುಡುಗಿಗೆ ಅತ್ತೆ ಬರೆಯುವುದು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ನೀನೇ ಹೊಲಿದುಕೋ. ನೀನು ನಿನ್ನ ಮಾವನಿಗೆ ಏನು ಕಳಿಸಿದೆ? ಆ ನಕ್ಷೆ ಬಂದ ದಿನದಿಂದ ಮನುಷ್ಯ ಮಾತು ಬಿಟ್ಟಿದ್ದಾರೆ. ಈ ಮನೆಯಲ್ಲಿ ಸದ್ದಿಲ್ಲವೆಂದರೆ ಏನೆಂದು ನಿನಗೆ ಗೊತ್ತಲ್ಲ. ಎದುರು ಮನೆಯಾಕೆ ಬಂದು, "ಯಜಮಾನರು ಊರಲ್ಲಿಲ್ವಾ" ಎಂದು ಕೇಳಿ ಹೋದಳು.

ನಕ್ಷೆಯನ್ನು ಬಿಚ್ಚುತ್ತಾರೆ, ಮಡಿಸುತ್ತಾರೆ. ಮಡಿಕೆಯಲ್ಲಿ ಹರಿಯಿತು, ನಾನು ಹಿಂದಿನಿಂದ ಪಟ್ಟಿ ಅಂಟಿಸಿಕೊಟ್ಟೆ. ಶಾಲೆ ಬಿಡುವ ಹೊತ್ತಿಗೆ ಎದ್ದು ಹೋಗಿ ಶಾಲೆಯ ಗೋಡೆಗೂ ಗೋದಾಮಿಗೂ ನಡುವಿನ ಆ ಸಂದಿಯಲ್ಲಿ ನಿಲ್ಲುತ್ತಾರೆ. ಮಕ್ಕಳು ಅವರನ್ನು ಬಳಸಿಕೊಂಡು ಓಡುತ್ತವೆ. ನಾನು ಚೀಟಿಯಲ್ಲಿ "ಏನಾಯ್ತು" ಅಂತ ಬರೆದುಕೊಟ್ಟೆ. ಅದರ ಹಿಂದೆ "ಏನಿಲ್ಲ" ಅಂತ ಬರೆದುಕೊಟ್ಟರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನಗೆ ಅವರು ಬರೆದ ಮೊದಲ ಕಾಗದ ಅದು.

ಗೋಡೆಯ ಮೇಲೆ ಅವರ ಪ್ರಶಸ್ತಿ ಪತ್ರವಿದೆಯಲ್ಲ, ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪು ವಿಳಾಸವಿಲ್ಲ ಅಂತ ಇಲಾಖೆ ಕೊಟ್ಟದ್ದು. ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಿದ್ದವರು ಈಗ ಅದರ ಕಡೆ ನೋಡುತ್ತಿಲ್ಲ. ಧೂಳು ಕೂತಿದೆ. ನೀನು ಏನಾದರೂ ಬರೆ.

ಅತ್ತೆ

* * *

ಜುಲೈ 19

ಗುಂಡುಸೂಜಿ,

ನಿನ್ನ ಅತ್ತೆ ಕದ್ದು ಕಾಗದ ಹಾಕಿದ್ದಾಳೆ. ಅಂಚೆಪೆಟ್ಟಿಗೆಯವರೆಗೆ ಹೋಗಿ ಬಂದವರ ಮುಖ ನನಗೆ ತಿಳಿಯುವುದಿಲ್ಲವೇ. ಇನ್ನು ತೆರೆ ಸರಿಸಲೇಬೇಕು.

ಮೂವತ್ತೆರಡು ಎ ಎಂಬ ಮನೆ ಇಲ್ಲ. ಯಾವತ್ತೂ ಇರಲಿಲ್ಲ. ಅದು ಸಂದಿ. ನೀನು ಹಳದಿ ಬಳಿದಿರುವುದು ಒಂದು ದಾರಿಗೆ.

ಇಪ್ಪತ್ತು ವರ್ಷದ ಹಿಂದೆ ಆ ಸಂದಿಯ ಬಾಯಲ್ಲಿ, ಗೋದಾಮಿನ ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಕೊಡೆ ರಿಪೇರಿಯ ಅಜ್ಜಿಯೊಬ್ಬಳಿದ್ದಳು. ಮಗ ಹಡಗಿನ ಕೆಲಸಕ್ಕೆ ಹೋದವನು. ಅವನು ಕಾಗದ ಹಾಕುತ್ತಿದ್ದ. ಲಕೋಟೆಯ ಮೇಲೆ ತಾಯಿಯ ಹೆಸರು, ಬೀದಿಯ ಹೆಸರು, ಅಷ್ಟೇ. ಮನೆ ನಂಬರಿಲ್ಲದ ಕಾಗದವನ್ನು ಹಿಂದಕ್ಕೆ ಕಳಿಸಬೇಕೆಂಬುದು ನಿಯಮ. ಮೂರು ಸಲ ನನ್ನ ಕೈಯಾರೆ ಹಿಂದಕ್ಕೆ ಕಳಿಸಿದೆ ಮಗಳೇ. ಮೂರು ಸಲವೂ ಅವಳ ಮುಂದೆಯೇ ಸೈಕಲ್ ತಳ್ಳಿಕೊಂಡು ಹೋದೆ. ಅವಳು ಕಡ್ಡಿ ಮುರಿದ ಕೊಡೆ ಬಿಚ್ಚಿ ಹಿಡಿದು, "ನಂದೇನಾದ್ರೂ ಇದೆಯಾ ಅಣ್ಣ" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಚೀಲದಲ್ಲಿ ಇರುತ್ತಿತ್ತು.

ನಾಲ್ಕನೆಯ ಕಾಗದ ಬಂದ ದಿನ ಬಿಳಿ ಬಣ್ಣದ ಡಬ್ಬಿ ತಂದು ಗೋದಾಮಿನ ಗೋಡೆಗೆ ಮೂವತ್ತೆರಡು ಎ ಎಂದು ಬರೆದೆ. ಹಂಚಿಕೆಯ ಪುಸ್ತಕದಲ್ಲಿ, ಯಾವ ಮನೆಯಾದ ಮೇಲೆ ಯಾವ ಮನೆ ಎಂದು ನಾವು ನಡೆಯುವ ಕ್ರಮದಲ್ಲಿ ಬರೆದಿಡುತ್ತೇವಲ್ಲ, ಅದರಲ್ಲೂ ಸೇರಿಸಿದೆ. ಮಗನಿಗೆ ವಿಳಾಸ ಬರೆದು ಕಳಿಸಿದೆ. ಆರು ವರ್ಷ ಕಾಗದ ಬಂತು. ಆಮೇಲೆ ಮಗನೇ ಬಂದು ಕರೆದುಕೊಂಡು ಹೋದ. ನಂಬರ್ ಮಾತ್ರ ಪುಸ್ತಕದಲ್ಲಿ ಉಳಿಯಿತು.

ಹನ್ನೆರಡು ವರ್ಷದ ಹಿಂದೆ ನಿಮ್ಮ ಸರ್ವೆಯವರು ಬಂದರು. ಸುಡುಬಿಸಿಲು. ಅವರು ಬೀದಿಗೇ ಇಳಿಯಲಿಲ್ಲ. ಅಂಚೆ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು, ಪೋಸ್ಟ್‌ಮ್ಯಾನ್ ಪುಸ್ತಕಕ್ಕಿಂತ ಸತ್ಯ ಇನ್ನೇನಿದೆ ಎಂದು ನನ್ನದನ್ನೇ ನಕಲು ಮಾಡಿಕೊಂಡರು. ಮೂವತ್ತೆರಡು ಎ ಎಂದು ಅವರು ಬರೆದುಕೊಳ್ಳುವುದನ್ನು ನಾನು ನಿಂತು ನೋಡಿದೆ. ಒಂದು ಮಾತು ಹೇಳಬಹುದಿತ್ತು. ಪ್ರಶಸ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂದು ಒಂದು ವಾರವಾಗಿತ್ತು. ಇಡೀ ಊರಿಗೆ ಕೇಳಿಸುವ ಈ ಗಂಟಲಿನಿಂದ ಅವರಿಗೆ ಚಹಾ ಬೇಕೇ ಎಂದಷ್ಟೇ ಕೇಳಿದೆ.

ನಿನ್ನ ಓದುವ ಕೋಣೆ ಕಟ್ಟಿದರೆ ಈ ಮೇಲಿನ ಐದು ಬೀದಿಗಳ ಮಕ್ಕಳೆಲ್ಲ ಗೋದಾಮು ಸುತ್ತಿ ಲಾರಿ ರಸ್ತೆಯಲ್ಲಿ ಬರಬೇಕು. ನಡೆದು ನೋಡಿದೆ. ಸಂದಿಯಲ್ಲಿ ಐದು ನಿಮಿಷ, ಲಾರಿ ರಸ್ತೆಯಲ್ಲಿ ಹದಿನೇಳು. ಕಂಬದ ಹತ್ತಿರ ನಾನೇ ಎರಡು ಸಲ ಲಾರಿಗೆ ಸಿಗುವವನಿದ್ದೆ.

ನಿನ್ನ ಕೆಲಸಕ್ಕೆ ಕಲ್ಲು ಹಾಕಿದವನು ನಾನು. ಬಯ್ಯಬೇಕಿದ್ದರೆ ದಪ್ಪ ಅಕ್ಷರದಲ್ಲಿ ಬಯ್ಯಿ, ಕನ್ನಡಕವೂ ಹಳೆಯದಾಗಿದೆ.

ಮಾವ

* * *

ಜುಲೈ 27

ಮಾವ,

ಬಯ್ಯುವುದಕ್ಕೆ ಎರಡು ಸಲ ಕೂತೆ. ಆಗಲಿಲ್ಲ.

ಆ ಸಂದಿಯಲ್ಲಿ ನಾನು ಎಷ್ಟು ಸಲ ಓಡಿದ್ದೇನೆ. ಗೋದಾಮಿನ ಗೋಡೆಗೆ ಒಂದು ಕೈ, ಶಾಲೆಯ ಗೋಡೆಗೆ ಒಂದು ಕೈ ತಾಗಿಸಲು ನೋಡುತ್ತ, ಆಗದೆ, ಅಡ್ಡಾದಿಡ್ಡಿ ಓಡುತ್ತಿದ್ದೆ. ಅದೇ ಸಂದಿ ಕಾಗದದ ಮೇಲೆ ಒಂಬತ್ತು ಅಡಿ, ಅರವತ್ತು ಅಡಿ ಎಂದು ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಮನೆಯೆಂದು ನಂಬಿಬಿಟ್ಟೆ. ನೀವು ಇಲ್ಲದ್ದನ್ನು ಬರೆದಿರಿ, ನಾನು ಇದ್ದದ್ದನ್ನು ಕಾಣಲಿಲ್ಲ. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಒಮ್ಮೆ ಬಂದಿದ್ದರೆ ಸಾಕಿತ್ತು.

ಚೀಫ್ ಹತ್ತಿರ ಹೋಗಿ ಅದು ಮನೆಯಲ್ಲ, ದಾರಿ ಎಂದೆ. ಅವರು ಫೈಲ್ ತಿರುಗಿಸಿ ತೋರಿಸಿದರು. ಕಾಗದ ಮನೆ ಎನ್ನುತ್ತದೆ. ಓದುವ ಕೋಣೆ ಬೇಡವೆಂದು ಹೊಡೆದುಹಾಕಿದರೂ ಅದು ವಾರಸುದಾರರಿಲ್ಲದ ಜಾಗವಾಗಿ ಉಳಿಯುತ್ತದೆ. ಅದನ್ನು ಕೊಳ್ಳುತ್ತೇನೆಂದು ಗೋದಾಮಿನ ಮಾಲೀಕರ ಅರ್ಜಿ ಆಗಲೇ ಬಂದಿದೆ. ಅವರಿಗೆ ಲಾರಿ ನಿಲ್ಲಿಸಲು ಜಾಗ ಬೇಕಂತೆ. ದಾಖಲೆ ಬದಲಾಗಬೇಕಾದರೆ, ಮೊದಲು ಅದನ್ನು ಬರೆದವರೇ ತಪ್ಪೆಂದು ಹೇಳಬೇಕು.

ಬರೆದವರು ಯಾರು ಗೊತ್ತೇ ಎಂದು ಚೀಫ್ ಕೇಳಿದರು. ಗೊತ್ತಿಲ್ಲ ಎಂದೆ.

ಅಲ್ಲಿ ನನ್ನ ನೆಂಟರಿದ್ದಾರೆ ಎಂದು ಮಾತ್ರ ಒಪ್ಪಿಕೊಂಡೆ. ಅದಕ್ಕೆ ಸಭೆಗೆ ನಾನು ಬರುವಂತಿಲ್ಲ, ಚೀಫ್ ಅವರೇ ಬರುತ್ತಾರೆ. ನಾನು ಇಲ್ಲಿ ಬೇರೆ ದಾರಿ ಹುಡುಕುತ್ತೇನೆ. ಹಳೆಯ ನಕ್ಷೆ ಯಾವುದಾದರೂ ಇರಬಹುದು. ನೀವು ಸಭೆಗೆ ಹೋಗಬೇಡಿ ಮಾವ. ನಿಮ್ಮ ಪ್ರಶಸ್ತಿ ಪತ್ರ ಅದರ ಮೊಳೆಯಲ್ಲಿಯೇ ಇರಲಿ. ಅತ್ತೆಗೆ ಒರೆಸಲು ಹೇಳುತ್ತೇನೆ.

ನಿಮ್ಮ
ಗುಂಡುಸೂಜಿ

* * *

ಆಗಸ್ಟ್ 21

ನಮ್ಮ ಹುಡುಗಿಗೆ,

ಒರೆಸಿಕೊಂಡು ಕೂರಲು ನನಗೆ ಪುರಸೊತ್ತಿಲ್ಲ, ಮೊದಲು ಇದನ್ನು ಓದು. ನೀನು ಹೋಗಬೇಡಿ ಎಂದು ಬರೆದದ್ದನ್ನು ಅವರು ಓದಿ, ಮಡಿಸಿ, ಟೋಪಿಯೊಳಗೆ ಇಟ್ಟುಕೊಂಡರು. ನಿನ್ನೆ ಅದೇ ಟೋಪಿ ಹಾಕಿಕೊಂಡು ಸಭೆಗೆ ಹೊರಟರು.

ಸಭಾಂಗಣ ತುಂಬಿತ್ತು. ನಿನ್ನ ಚೀಫ್ ಗೋಡೆಗೆ ನಕ್ಷೆ ಹಾಕಿ ಚೆನ್ನಾಗಿಯೇ ವಿವರಿಸಿದರು. ಓದುವ ಕೋಣೆ ಎಂದಾಗ ಜನ ಚಪ್ಪಾಳೆ ತಟ್ಟಿದರು, ಸುಳ್ಳು ಹೇಳುವುದಿಲ್ಲ. ಹಳದಿ ಚೌಕ ಎಲ್ಲಿದೆಯೆಂದು ಯಾರೂ ನೋಡಲಿಲ್ಲ. ನಕ್ಷೆಯನ್ನು ಓದುವುದು ಯಾರಿಗೆ ಬರುತ್ತದೆ? ಗೋದಾಮಿನ ಮಾಲೀಕರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಆಕ್ಷೇಪ ಇದೆಯೇ ಎಂದು ಚೀಫ್ ಕೇಳಿದ್ದು ನಿನ್ನ ಮಾವನಿಗೆ ಕೇಳಿಸಲಿಲ್ಲ. ನಾನು ಚೀಟಿಯಲ್ಲಿ "ಈಗ" ಅಂತ ಬರೆದು ತೋರಿಸಿದೆ.

ಎದ್ದು ನಿಂತರು. ಮೈಕ್ ಕೊಡಲು ಬಂದವನು ಆ ಧ್ವನಿಗೆ ಹಿಂದೆ ಸರಿದ.

"ಅದು ಮನೆಯಲ್ಲ, ದಾರಿ. ಆ ನಂಬರ್ ಬರೆದವನು ನಾನು. ಸುಳ್ಳು ವಿಳಾಸ. ಪೋಸ್ಟ್‌ಮ್ಯಾನ್ ಬರೆದ ಸುಳ್ಳು ವಿಳಾಸ."

ಆಮೇಲೆ ಕೊಡೆ ಅಜ್ಜಿಯ ಕಥೆಯನ್ನೆಲ್ಲ ಹೇಳಿದರು. ಆ ಮೂರು ಕಾಗದದ ವಿಷಯ ನನಗೂ ಗೊತ್ತಿರಲಿಲ್ಲ ಹುಡುಗಿ. ಅಷ್ಟು ವರ್ಷ ಒಂದೇ ದಿಂಬಿಗೆ ತಲೆಕೊಟ್ಟವಳಿಗೆ ಹೇಳದ್ದನ್ನು ಊರ ಮುಂದೆ ಹೇಳಿದರು.

ನೀವು ಏನು ಒಪ್ಪಿಕೊಳ್ಳುತ್ತಿದ್ದೀರಿ ಗೊತ್ತೇ, ಇದು ನಿಮ್ಮ ಇಲಾಖೆಗೆ ಹೋಗುತ್ತದೆ ಎಂದು ಚೀಫ್ ಎಚ್ಚರಿಸಿದರು. ಇವರಿಗೆ ಕೇಳಿಸಲಿಲ್ಲ. ಚೀಟಿ ಬರೆದೆ. ಓದಿ, "ಕಳಿಸಿ. ವಿಳಾಸ ಸರಿಯಾಗಿ ಬರೆಯಿರಿ" ಅಂದರು. ಜನ ನಕ್ಕರು, ಇವರು ನಗಲಿಲ್ಲ.

ಮಾಲೀಕರು ಎದ್ದು, ವಯಸ್ಸಾದವರು, ನೆನಪು ಕಲಸಿಹೋಗಿರುತ್ತದೆ ಎಂದರು. ಆಗ ಶಾಲೆಯ ಹೆಡ್‌ಮಿಸ್ಟ್ರೆಸ್ ಗೋಡೆಯ ಗಡಿಯಾರ ನೋಡಿ, ಇನ್ನು ಆರು ನಿಮಿಷಕ್ಕೆ ಶಾಲೆ ಬಿಡುತ್ತದೆ, ನೆನಪಿನ ಮಾತೇಕೆ, ಬಂದು ನೋಡಬಹುದಲ್ಲ ಎಂದರು. ಸಭೆಗೆ ಸಭೆಯೇ ಎದ್ದು ಹೋಯಿತು. ಗಂಟೆ ಹೊಡೆಯುತ್ತಲೇ ಮಕ್ಕಳು ಬಂದರು ನೋಡು, ತೂಬು ಕಿತ್ತ ಹಾಗೆ. ನಿನ್ನ ಚೀಫ್ ಫೈಲನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟಿ ನಿಂತರು. ಅವರ ಗುಮಾಸ್ತ ಎಣಿಸಿದ, ಇನ್ನೂರ ಹನ್ನೆರಡು. ಬೀಗದ ಅಂಗಡಿಯವನು ಇನ್ನೂರ ಹದಿನಾಲ್ಕು ಎಂದು ಜಗಳ ತೆಗೆದ. ಮಾಲೀಕರ ಬಿಳಿ ಷರ್ಟಿಗೆ ಯಾವುದೋ ಮಗುವಿನ ಮಸಿ ಮೆತ್ತಿತು.

ರಾತ್ರಿ ಚೆನ್ನಾಗಿ ಊಟ ಮಾಡಿದರು. ಗೊರಕೆಯೂ ಹೊಡೆದರು. ಎದುರು ಮನೆಯಾಕೆ ಬೆಳಿಗ್ಗೆ, "ಯಜಮಾನರು ಬಂದ್ರಾ" ಅಂದಳು.

ಅತ್ತೆ

* * *

ಸೆಪ್ಟೆಂಬರ್ 10

ಪ್ರೀತಿಯ ಮಾವ,

ಮೂವತ್ತೆರಡು ಎ ಎಂಬುದನ್ನು ದಾಖಲೆಯಿಂದ ಹೊಡೆದುಹಾಕಲಾಗಿದೆ. ಗೋದಾಮಿನ ಅರ್ಜಿ ತಿರಸ್ಕಾರವಾಯಿತು. ಆ ಒಂಬತ್ತು ಅಡಿ ಇನ್ನು ಮುಂದೆ ಸಾರ್ವಜನಿಕ ದಾರಿ, ಅದರ ಮೇಲೆ ಯಾರೂ, ನಮ್ಮ ಕಚೇರಿಯೂ, ಒಂದು ಇಟ್ಟಿಗೆ ಇಡುವಂತಿಲ್ಲ. ಓದುವ ಕೋಣೆ ಹೋಯಿತು. ಬೇರೆ ಜಾಗ ಸದ್ಯಕ್ಕಿಲ್ಲ.

ಊರಿಂದ ಬಂದ ಮೇಲೆ ಚೀಫ್ ನನ್ನನ್ನು ಕರೆದರು. ಆ ಪೋಸ್ಟ್‌ಮ್ಯಾನ್ ನಿಮಗೇನಾಗಬೇಕು ಎಂದು ಕೇಳಿದರು. ಈ ಸಲ ಸುಳ್ಳು ಹೇಳಲಿಲ್ಲ. ಮಾವ, ಎಂದೆ. ಫೈಲ್ ಮುಚ್ಚಿ, "ಗಟ್ಟಿ ಧ್ವನಿ" ಎಂದರು. ಆಮೇಲೆ ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟರು. ನಕ್ಷೆಯ ಕೆಲಸ ನನ್ನ ಹತ್ತಿರವೇ ಇದೆ, ಆದರೆ ಮೇಲೊಬ್ಬರು ಹಿರಿಯರು ನೋಡಿಕೊಳ್ಳುತ್ತಾರೆ. ನಡೆದು ನೋಡದ ಬೀದಿಯ ಮೇಲೆ ಗೆರೆ ಎಳೆಯುವಂತಿಲ್ಲ ಎಂದು ಆಜ್ಞೆಯಾಗಿದೆ. ಅರವತ್ತೊಂದು ಬೀದಿ ಮಾವ. ಅಕ್ಟೋಬರ್ ಕೊನೆಯಲ್ಲಿ ಹದಿನೈದು ದಿನಕ್ಕೆ ಬರುತ್ತೇನೆ. ಅತ್ತೆಗೆ ಹೇಳಿ, ಒಳ್ಳೆಯ ಚಪ್ಪಲಿ ತರುತ್ತೇನೆ.

ನಾನು ಹೋಗಬೇಡಿ ಎಂದು ಬರೆದದ್ದು ನಿಮಗೋಸ್ಕರ ಮಾತ್ರ ಅಲ್ಲ. ನೀವು ತಪ್ಪಿದ್ದೀರೆಂದು ಬೇರೆಯವರ ಬಾಯಲ್ಲಿ ಕೇಳಲು ನನಗೆ ಆಗುತ್ತಿರಲಿಲ್ಲ. ನಿಮ್ಮ ಬಾಯಲ್ಲೇ ಕೇಳಿದವರನ್ನು ನೆನೆದರೆ ಈಗ ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ
ಗುಂಡುಸೂಜಿ

* * *

ಅಕ್ಟೋಬರ್ 9

ಚಿರಂಜೀವಿ ಗುಂಡುಸೂಜಿಗೆ,

ಇಲಾಖೆಯ ಕಾಗದ ಬಂತು. ಪ್ರಶಸ್ತಿ ರದ್ದಾಗಿದೆ, ಪತ್ರ ಹಿಂದಿರುಗಿಸಬೇಕು. ನಾನೇ ಕಟ್ಟಿ, ನಾನೇ ವಿಳಾಸ ಬರೆದು, ರಿಜಿಸ್ಟರ್ ಮಾಡಿಸಿ ಬಂದೆ. ಗೋಡೆಯ ಮೇಲೆ ಅದಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಸಂಜೆಯೊಳಗೆ ನಿನ್ನ ಅತ್ತೆ ಆ ಮೊಳೆಗೆ ಕತ್ತರಿ ನೇತುಹಾಕಿದಳು. ಬಹಳ ದಿನದಿಂದ ಕತ್ತರಿಗೆ ಜಾಗ ಇರಲಿಲ್ಲವಂತೆ. ನೋವಾಗಲಿಲ್ಲ ಎಂದರೆ ಇನ್ನೊಂದು ಸುಳ್ಳು ವಿಳಾಸ ಬರೆದಂತಾಗುತ್ತದೆ. ಆಯಿತು. ಎರಡು ದಿನ ಬೀದಿಗಿಳಿಯಲಿಲ್ಲ. ಮೂರನೆಯ ದಿನ ಬೀಗದ ಅಂಗಡಿಯವನು ಬಾಗಿಲಿಗೇ ಬಂದು, ಕುರ್ಚಿ ಖಾಲಿ ಇದ್ದರೆ ತನಗೆ ಕೆಲಸ ಓಡುವುದಿಲ್ಲ ಎಂದು ಚೀಟಿ ಬರೆದುಕೊಟ್ಟ. ನನ್ನ ಹೆಂಡತಿಯ ವಿದ್ಯೆ ಊರಿಗೆಲ್ಲ ಹರಡಿದೆ.

ನೀನು ಬರುವ ದಾರಿಯನ್ನೇ ಕಾಯುತ್ತಿದ್ದೇನೆ. ಅರವತ್ತೊಂದು ಬೀದಿಗೆ ಹದಿನೈದು ದಿನ ಸಾಲದು. ಮುಂಜಾನೆಯ ಬೀದಿ ಬೇರೆ, ಸಂಜೆಯದು ಬೇರೆ, ಅವೆರಡನ್ನೂ ಒಂದೇ ಗೆರೆಯಲ್ಲಿ ಹೇಗೆ ಬರೆಯುತ್ತೀಯೋ ನೋಡೋಣ. ನಾನು ಮುಂದೆ ನಡೆಯುತ್ತೇನೆ, ನೀನು ಬರೆದುಕೋ. ನನ್ನನ್ನು ನಂಬಬೇಡ, ನಾನು ಹೇಳಿದ್ದನ್ನೆಲ್ಲ ಅಳೆದು ನೋಡು.

ಇಂದು ಶಾಲೆ ಬಿಡುವ ಹೊತ್ತಿಗೆ ಸಂದಿಯೊಳಗೆ ಹೋಗಿದ್ದೆ. ಈ ಸಲ ನಿಲ್ಲಲಿಲ್ಲ, ಎಲ್ಲರಂತೆ ನಡೆದೆ, ನಟ್ಟನಡುವೆ, ಊರುಗೋಲನ್ನು ಎಡಕ್ಕೂ ಬಲಕ್ಕೂ ಬೀಸಿಕೊಂಡು, ನಿಧಾನಕ್ಕೆ. ಹಿಂದೆ ಯಾರೋ ಬಹಳ ಹೊತ್ತಿನಿಂದ ಕೂಗುತ್ತಿದ್ದರೇನೋ, ನನಗೇನು ಗೊತ್ತು. ಕೊನೆಗೆ ಯಾರೋ ಅಂಗಿಯ ತುದಿ ಎಳೆದರು. ತಿರುಗಿದರೆ ಮೊಣಕಾಲುದ್ದದ ಹುಡುಗಿ, ಬೆನ್ನ ಮೇಲೆ ತನಗಿಂತ ದೊಡ್ಡ ಚೀಲ, ಮುಖದ ತುಂಬ ಸಿಟ್ಟು. ಅವಳ ಹಿಂದೆ ಇಪ್ಪತ್ತು ಮೂವತ್ತು ಮಕ್ಕಳು ಸಾಲುಗಟ್ಟಿ ನಿಂತಿದ್ದಾರೆ. ಕೈಯಾಡಿಸಿ, ಪಕ್ಕಕ್ಕೆ ಸರಿ ಎಂದು ತೋರಿಸಿದಳು.

ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅವರೆಲ್ಲ ಹೋದರು.

ಇಂತಿ ನಿನ್ನ
ಮಾವ